ಮೈಕಿಗಿಂತ ಮೊದಲು ಕೌದಿ

"ಇಪ್ಪತ್ತು ಸಾವಿರ ಕೂಡಿಸಿಟ್ಟೀನ್ರಿ. ಯಾವ ಮೈಕ್ ತಗೋಬೇಕು?"

ಹೋದ ಭಾನುವಾರ ಧಾರವಾಡದ ನಮ್ಮ ಓಣಿಯ ಹುಡುಗಿಯೊಬ್ಬಳು ಗೇಟಿನ ಬಳಿಯೇ ತಡೆದು ಕೇಳಿದಳು. ಕಾಲೇಜು ಓದುತ್ತಾಳೆ, ವಚನ ಹಾಡುತ್ತಾಳೆ, ಕಂಠ ಚೆನ್ನಾಗಿದೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಬೀಸುವ ಪದ, ಕುಟ್ಟುವ ಪದ, ಸೋಬಾನೆ ಎಲ್ಲವೂ ಅವರ ನಾಲಿಗೆಯ ಮೇಲಿವೆ, ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ತನ್ನ ಹಾಡು, ಅಜ್ಜಿಯ ಪದ ಎರಡನ್ನೂ ಮನೆಯಲ್ಲೇ ಅಚ್ಚುಕಟ್ಟಾಗಿ ಮುದ್ರಿಸಿಡಬೇಕು ಎಂಬುದು ಅವಳ ಆಸೆ. ಮೊಬೈಲಿನಲ್ಲಿ ಪಟ್ಟಿಯೂ ತಯಾರಿತ್ತು. ಕಂಡೆನ್ಸರ್ ಮೈಕು, ಮೇಜಿಗೆ ಕಚ್ಚಿಸುವ ಸ್ಟ್ಯಾಂಡು, ಗೋಡೆಗೆ ಅಂಟಿಸುವ ಕಪ್ಪು ಫೋಮು, ಎರಡು ಸ್ಪೀಕರು, ಬಣ್ಣಬಣ್ಣದ ದೀಪ. ಎಲ್ಲ ಸೇರಿ 19,800 ರೂಪಾಯಿ.

ಆ ಪಟ್ಟಿ ಹಾಗೇ ಇರಲಿ, ಮೊದಲು ನಿಮ್ಮ ಮನೆಯಲ್ಲಿ ಚಪ್ಪಾಳೆ ತಟ್ಟಿ ನೋಡೋಣ ನಡಿ ಎಂದೆ.

ಅವರ ಪಡಸಾಲೆಗೆ ನುಣ್ಣನೆಯ ಕಲ್ಲಿನ ನೆಲ, ಬರಿಯ ಸಿಮೆಂಟ್ ಗೋಡೆ, ಒಂದು ಬದಿಗೆ ಗಾಜಿನ ಕಪಾಟು. ನಡುವೆ ನಿಂತು ಚಪ್ಪಾಳೆ ತಟ್ಟಿದಳು. 'ಟಪ್' ಎಂದು ನಿಲ್ಲಬೇಕಾದ ಸದ್ದು ಗೋಡೆಯಿಂದ ಗೋಡೆಗೆ ಬಡಿದು 'ಟಣ್‌ಣ್‌ಣ್' ಎಂದು ಎಳೆಯಿತು. ಆಮೇಲೆ ಅಜ್ಜಿಯ ಕೋಣೆಗೆ ಹೋದೆವು. ಅಲ್ಲಿ ಹತ್ತಿಯ ಗಾದಿ, ಬಟ್ಟೆ ತುಂಬಿದ ಕಪಾಟು, ಕಿಟಕಿಗೆ ದಪ್ಪ ಪರದೆ, ಮೂಲೆಯಲ್ಲಿ ಮಡಿಸಿ ಪೇರಿಸಿದ ಏಳೆಂಟು ಕೌದಿ. ಮತ್ತೆ ಚಪ್ಪಾಳೆ. ಟಪ್. ಅಷ್ಟೇ, ಬಾಲವಿಲ್ಲ.

"ಇದೇ ನಿನ್ನ ಸ್ಟುಡಿಯೊ," ಎಂದೆ. ಅವಳಿಗೆ ಸ್ವಲ್ಪ ನಿರಾಸೆಯಾಯಿತು ಅನಿಸುತ್ತದೆ.

ಮನೆಯಲ್ಲಿ ಮಾಡುವ ಮುದ್ರಣ ಎರಡನೇ ದರ್ಜೆಯದು ಎಂಬ ಅಳುಕು ಬಹಳ ಜನರಿಗಿದೆ. ಅದನ್ನು ಮೊದಲು ಬಿಡಬೇಕು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡದ್ದು ಹೋಟೆಲಿನ ಕೋಣೆಯಲ್ಲಿ. ಆಗ ಮುದ್ರಣಕ್ಕೆ ಮೈಕೇ ಇರಲಿಲ್ಲ, ದೊಡ್ಡ ತುತ್ತೂರಿಯ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು. ಆ ಮಹಾಗಾಯಕಿ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಗಾಯಕಿಯಾಗಿ. 1930ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅದಾಗಿ ಐದು ವರ್ಷಕ್ಕೆ, 1935ರಲ್ಲಿ, ಅದೇ ಊರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಲು ಶುರುಮಾಡಿದರು. ಇಡೀ ದೇಶ ಇಂದು ಹೇಳುವ 'ಆಕಾಶವಾಣಿ' ಎಂಬ ಹೆಸರು ಆ ಮನೆಯ ಕೇಂದ್ರದ್ದು. ಹೋಟೆಲ್ ಕೋಣೆ, ವಾಸದ ಮನೆ ಎರಡೂ ಸಾಲಿದವು ಅವರಿಗೆ. ನಮಗೂ ಸಾಲುತ್ತದೆ.

ಹಾಗಾದರೆ ಕೋಣೆಗೆ ಏನು ಮಾಡಬೇಕು? ಆ ದಿನ ನಾವು ಮಾಡಿದ್ದನ್ನೇ ಹೇಳುತ್ತೇನೆ. ಅವಳ ಮೊಬೈಲನ್ನೇ ಮೈಕು ಮಾಡಿಕೊಂಡೆವು. ಮೊದಲು ಪಡಸಾಲೆಯಲ್ಲಿ ಒಂದು ವಚನದ ಪಲ್ಲವಿ. ಆಮೇಲೆ ಅಜ್ಜಿಯ ಕೋಣೆಯಲ್ಲಿ ಅದೇ ಪಲ್ಲವಿ. ಮೂರನೆಯ ಸಲ ಕೋಣೆಯಲ್ಲಿ ನೈಲಾನ್ ಹಗ್ಗ ಕಟ್ಟಿ, ಅವಳ ಬೆನ್ನ ಹಿಂದೆ ಎರಡು ಕೌದಿ, ಎಡಬಲಕ್ಕೆ ಒಂದೊಂದು ಇಳಿಬಿಟ್ಟೆವು. ಕೌದಿಯನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕೆ ತೂಗುಹಾಕಿದೆವು. ಕಾಲಡಿಗೆ ಮನೆಯಲ್ಲೇ ಇದ್ದ ನವಲಗುಂದದ ಜಮಖಾನ. ಮೂರನ್ನೂ ಸಾಲಾಗಿ ಕೇಳಿಸಿದಾಗ ಅವಳು ಏನೂ ಹೇಳಲಿಲ್ಲ, ಮೂರನೆಯದನ್ನು ಮತ್ತೆ ಹಾಕಿದಳು. ಮೊದಲನೆಯದರಲ್ಲಿ ಅವಳ ದನಿ ಬಾವಿಯೊಳಗಿಂದ ಬಂದಂತಿತ್ತು. ಮೂರನೆಯದರಲ್ಲಿ ಎದುರು ಕೂತು ಹಾಡಿದಂತಿತ್ತು. ಖರ್ಚಾದದ್ದು ಹಗ್ಗಕ್ಕೆ 40 ರೂಪಾಯಿ.

ಬೆನ್ನ ಹಿಂದೆ ಯಾಕೆ ಎಂದರೆ, ಮೈಕು ನೋಡುವುದು ನಿಮ್ಮ ಮುಖವನ್ನು. ನಿಮ್ಮ ಮುಖದ ಆಚೆಗೆ ಅದಕ್ಕೆ ಕಾಣುವುದು ನಿಮ್ಮ ಬೆನ್ನ ಹಿಂದಿನ ಗೋಡೆ. ಆ ಗೋಡೆಗೆ ಬಡಿದು ವಾಪಸಾಗುವ ದನಿ ನೇರ ಮೈಕಿನ ಬಾಯಿಗೆ ಬೀಳುತ್ತದೆ. ಒಂದು ಗೇಣು ಬಿಟ್ಟು ಕಟ್ಟುವುದಕ್ಕೂ ಕಾರಣವಿದೆ. ದನಿಯ ಅಲೆ ಗೋಡೆಯ ಮೈಗೆ ತಾಗುವಲ್ಲಿ ಗಾಳಿಯ ಕಣಗಳು ಹೆಚ್ಚು ಓಡಾಡುವುದಿಲ್ಲ, ಗೋಡೆಯಿಂದ ತುಸು ಈಚೆಗೆ ಓಡಾಡುತ್ತವೆ. ಬಟ್ಟೆ ಆ ಓಟವನ್ನು ತಡೆದಾಗಲೇ ದನಿ ಇಂಗುವುದು. ಒಂದು ಇಂಚಿನ ಫೋಮನ್ನು ಗೋಡೆಗೆ ಅಂಟಿಸಿದರೆ 'ಸ', 'ಶ' ಮೊದಲಾದ ಚೂಪು ಸದ್ದುಗಳು ಮಾತ್ರ ಸಾಯುತ್ತವೆ, ಗುಂಯ್‌ಗುಡುವ ಕೆಳದನಿ ಹಾಗೇ ಉಳಿಯುತ್ತದೆ. 100 ಹರ್ಟ್ಸ್‌ನ ಅಲೆಯ ಉದ್ದ 3.4 ಮೀಟರು. ಅಷ್ಟು ದೊಡ್ಡ ಅಲೆಗೆ ಬೆರಳು ದಪ್ಪದ ಫೋಮು ಲೆಕ್ಕಕ್ಕೇ ಇಲ್ಲ. ಮೊಟ್ಟೆಯ ಟ್ರೇ ಅಂಟಿಸಿದವರನ್ನೂ ಕಂಡಿದ್ದೇನೆ. ಅದು ದನಿಯನ್ನು ಸರಿಯಾಗಿ ಹೀರುವುದೂ ಇಲ್ಲ, ಹೊರಗಿನದನ್ನು ತಡೆಯುವುದೂ ಇಲ್ಲ. ಬೆಂಕಿಗೆ ಸುಲಭದ ತುತ್ತು, ದಯವಿಟ್ಟು ಬೇಡ.

ಕೌದಿ ಒಳಗಿನ ಮಾರ್ದನಿಯನ್ನು ಹೀರುತ್ತದೆಯೇ ಹೊರತು ಆಟೊ ಸದ್ದನ್ನಾಗಲಿ ಕುಕ್ಕರಿನ ಸೀಟಿಯನ್ನಾಗಲಿ ತಡೆಯುವುದಿಲ್ಲ ಎಂಬುದೂ ಗೊತ್ತಿರಲಿ. ಅದಕ್ಕೆ ಭಾರವಾದ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಬಾಡಿಗೆ ಮನೆಯಲ್ಲಿ ಅದು ಆಗುವ ಮಾತಲ್ಲ. ನಮ್ಮ ಕೈಲಿರುವುದು ಹೊತ್ತು. ರಾತ್ರಿ ಹನ್ನೊಂದರ ನಂತರ, ಇಲ್ಲವೇ ಬೆಳಗಿನ ಐದಕ್ಕೆ ಮುಂಚೆ. ಫ್ಯಾನು ಬಂದ್, ಫ್ರಿಜ್ಜು ಅರ್ಧ ತಾಸು ಬಂದ್. ಫ್ರಿಜ್ಜನ್ನು ಮತ್ತೆ ಹಚ್ಚಲು ಮರೆಯದಿರಲು ಮನೆಯ ಕೀಲಿಯನ್ನು ಅದರೊಳಗೇ ಇಡಿ.

ಈಗ ಮೈಕು.

ಈ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು. ಕೆಲವು ವರ್ಷಗಳ ಹಿಂದೆ ಆನ್‌ಲೈನಿನಲ್ಲಿ ಒಂದು 'ಸ್ಟುಡಿಯೊ ಕಿಟ್' ತರಿಸಿದ್ದೆ. ಹೊಂಬಣ್ಣದ ಜಾಲರಿಯ ಕಂಡೆನ್ಸರ್ ಮೈಕು, ಜೊತೆಗೆ ಮೊಬೈಲಿನ ಇಯರ್‌ಫೋನ್ ತೂತಿಗೆ ಚುಚ್ಚುವ ವೈರು. ಲ್ಯಾಪ್‌ಟಾಪಿಗೆ ಚುಚ್ಚಿ ಮಾತಾಡಿದರೆ ದೂರದ ಹೊಲದಲ್ಲಿ ಯಾರೋ ಕೂಗಿದಷ್ಟು ಸಣ್ಣ ದನಿ, ಅದರ ಮೇಲೆ ಮಳೆ ಸುರಿದಂತೆ 'ಸ್‌ಸ್‌ಸ್'. ಮೈಕು ಕೆಟ್ಟಿದೆ ಎಂದುಕೊಂಡೆ. ತಿಂಗಳಾದ ಮೇಲೆ ತಿಳಿದವರೊಬ್ಬರು ಹೇಳಿದರು, ಆ ಜಾತಿಯ ಮೈಕಿಗೆ 48 ವೋಲ್ಟ್ ಕರೆಂಟು ಬೇಕು, ಲ್ಯಾಪ್‌ಟಾಪಿನ ತೂತು ಕೊಡುವುದು ಎರಡು ಮೂರು ವೋಲ್ಟ್ ಎಂದು. ಡಬ್ಬಿಯ ಮೇಲೆ ಅದನ್ನು ಎಲ್ಲೂ ಬರೆದಿರಲಿಲ್ಲ. ಮರಳಿ ಕಳಿಸುವ ಅವಧಿ ಮುಗಿದಿತ್ತು. ನನ್ನ ಹಾಗೆ ಮೋಸಹೋದವರು ಪ್ರತಿ ಓಣಿಯಲ್ಲೂ ಇದ್ದಾರೆ. ಆದ್ದರಿಂದಲೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಇಂಥದ್ದನ್ನು ಮಾರುವವರು 48 ವೋಲ್ಟ್ ಬೇಕೆಂಬುದನ್ನು ದಪ್ಪ ಅಕ್ಷರದಲ್ಲಿ ಅಚ್ಚುಹಾಕುವಂತೆ ಮಾಡಬೇಕು.

ಅದೇಕೆ 48 ಎಂಬುದಕ್ಕೆ ಒಂದು ಕತೆಯಿದೆ. 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿ ನಾರ್ವೆಯ ರೇಡಿಯೊಗೆ ಹೊಸ ಮೈಕು ಒದಗಿಸುವಾಗ, ದನಿ ಸಾಗುವ ಅದೇ ವೈರಿನಲ್ಲಿ ಕರೆಂಟನ್ನೂ ಕಳಿಸುವ ಉಪಾಯ ಮಾಡಿತು. ಚಳಿಗಾಲದಲ್ಲಿ ಹಗಲು ತೀರ ಕಡಿಮೆಯಿರುವ ಆ ನಾಡಿನ ಸ್ಟುಡಿಯೊಗಳಲ್ಲಿ ತುರ್ತುದೀಪಕ್ಕೆಂದು 48 ವೋಲ್ಟಿನ ಸರಬರಾಜು ಮೊದಲೇ ಇತ್ತು. ಅದನ್ನೇ ಬಳಸಿಕೊಂಡರು. ಇಂದು ಧಾರವಾಡದಲ್ಲಿ ಕೊಂಡ, ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬಿಯ ಮೇಲೂ '48ವಿ' ಎಂಬ ಗುಂಡಿ ಇರುವುದು ಅದರಿಂದ. ಫ್ಯಾಂಟಮ್ ಪವರ್ ಎನ್ನುವುದು ಇದಕ್ಕೇ.

ಮೈಕಿನಲ್ಲಿ ಮುಖ್ಯವಾಗಿ ಎರಡು ಜಾತಿ. ಕಂಡೆನ್ಸರಿಗೆ ಈ 48 ವೋಲ್ಟ್ ಬೇಕು. ಸೂಕ್ಷ್ಮ ದನಿಯನ್ನೂ ಹಿಡಿಯುತ್ತದೆ, ಜೊತೆಗೆ ಕೋಣೆಯನ್ನೂ ಹಿಡಿಯುತ್ತದೆ. ಡೈನಮಿಕ್‌ಗೆ ಕರೆಂಟು ಬೇಡ. ಗಟ್ಟಿಮುಟ್ಟು, ಹತ್ತಿರದಿಂದ ಹಾಡಬೇಕು. ನಾಟಕ, ಭಜನೆ, ಸಭೆಗಳಲ್ಲಿ ನಾವೆಲ್ಲ ನೋಡಿರುವ ಗುಂಡುತಲೆಯ ಶ್ಯೂರ್ ಎಸ್‌ಎಂ58 ಡೈನಮಿಕ್. ಅದೂ 1966ರಲ್ಲೇ ಹುಟ್ಟಿದ್ದು, ಇವತ್ತಿಗೂ ತಯಾರಾಗುತ್ತಿದೆ. ಹತ್ತು ಸಾವಿರದ ಆಸುಪಾಸು ಬೆಲೆ. ಅದೇ ಬಗೆಯ ಬೆಹ್ರಿಂಗರ್ ಎಕ್ಸ್‌ಎಂ8500 ಎರಡು ಎರಡೂವರೆ ಸಾವಿರಕ್ಕೆ ಸಿಗುತ್ತದೆ. ನಾನು ಹೇಳುವ ಬೆಲೆಗಳೆಲ್ಲ ಅಂದಾಜು, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಇರುತ್ತದೆ. ಎಸ್‌ಎಂ58 ಉತ್ತಮ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೌದಿ ಕಟ್ಟಿದ ಕೋಣೆಯಲ್ಲಿ ಎರಡೂವರೆ ಸಾವಿರದ ಮೈಕು, ಕಟ್ಟದ ಪಡಸಾಲೆಯಲ್ಲಿ ಐವತ್ತು ಸಾವಿರದ ಮೈಕಿಗಿಂತ ಚೆನ್ನಾಗಿ ಹಾಡಿಸುತ್ತದೆ. ಇದನ್ನು ಕಿವಿಯಾರೆ ಕೇಳಿ ಹೇಳುತ್ತಿದ್ದೇನೆ.

ಡೈನಮಿಕ್ ಮೈಕು ಹೊರಗಿನ ಗದ್ದಲವನ್ನು ತಾನೇ ಸೋಸಿಬಿಡುತ್ತದೆ ಎಂದು ಕೆಲವರು ಮಾರುತ್ತಾರೆ. ಅದು ನಿಜವಲ್ಲ. ನಾವು ಹತ್ತಿರ ಹೋಗುತ್ತೇವೆ, ಅಷ್ಟೇ. ಬಾಯಿಗೂ ಮೈಕಿಗೂ ಒಂದು ಗೇಣಿದ್ದ ಅಂತರವನ್ನು ಅರ್ಧ ಗೇಣಿಗೆ ಇಳಿಸಿದರೆ ನಿಮ್ಮ ದನಿ 6 ಡೆಸಿಬಲ್ ಏರುತ್ತದೆ. ಕೋಣೆಯ ಗುಂಯ್‌ಗುಡುವಿಕೆ ಇದ್ದಷ್ಟೇ ಇರುತ್ತದೆ. ಮತ್ತರ್ಧ ಇಳಿಸಿದರೆ ಇನ್ನೊಂದು 6. ಕಾಸಿಲ್ಲದೆ ಸಿಗುವ ಇಷ್ಟು ದೊಡ್ಡ ಲಾಭ ಈ ಕಸುಬಿನಲ್ಲಿ ಬೇರೊಂದಿಲ್ಲ. ತೀರ ಹತ್ತಿರ ಹೋದರೆ ದನಿಗೆ ತಗ್ಗಿನ ಗಡಸು ಬರುತ್ತದೆ, ರೇಡಿಯೊ ಉದ್ಘೋಷಕರ ದನಿಯ ಹಾಗೆ. ಹಾಡಿಗೆ ಅದು ಒಗ್ಗದು. ಅರ್ಧ ಗೇಣು ನನಗೆ ಹಿಡಿಸಿದ ಅಳತೆ.

ಹತ್ತಿರ ಹೋದರೆ ಕನ್ನಡಕ್ಕೆ ಒಂದು ತೊಡಕು. ಅಂಗೈಯನ್ನು ತುಟಿಯೆದುರು ಹಿಡಿದು 'ಭಕ್ತಿ' ಅನ್ನಿ, 'ಫಲ' ಅನ್ನಿ. ಗಾಳಿ ಅಂಗೈಗೆ ಬಡಿಯುತ್ತದಲ್ಲ, ಅದೇ ಗಾಳಿ ಮೈಕಿಗೆ ಬಡಿದರೆ 'ಢಬ್' ಎಂದು ಕೇಳುತ್ತದೆ. ನಮ್ಮ ಮಹಾಪ್ರಾಣಗಳು ನಿಜಕ್ಕೂ ಪ್ರಾಣವಾಯುವನ್ನೇ ಹೊರಗೆ ನೂಕುತ್ತವೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಬಾಯಿಯ ಮೂಲೆಗೆ ಓರೆಯಾಗಿ ಇಟ್ಟರೆ ಅರ್ಧ ತೊಂದರೆ ಹೋಯಿತು. ಉಳಿದರ್ಧಕ್ಕೆ ಅಂಗಡಿಯವರು ಪಾಪ್ ಫಿಲ್ಟರ್ ಅಂತ 500 ರೂಪಾಯಿ ಹೇಳುತ್ತಾರೆ. ನಮ್ಮ ಹುಡುಗಿಯ ತಾಯಿ ಕಸೂತಿ ಹಾಕುತ್ತಾರೆ. ಕಸೂತಿಯ ಮರದ ಬಳೆಗೆ ಹಳೆಯ ನೈಲಾನ್ ಕಾಲುಚೀಲವೊಂದನ್ನು ಬಿಗಿದು, ಮೈಕಿಗೆ ನಾಲ್ಕು ಬೆರಳು ಮುಂದೆ ನಿಲ್ಲಿಸಿದೆವು. 'ಭಕ್ತಿ' ಹೂವಿನಂತೆ ಇಳಿಯಿತು.

ಯುಎಸ್‌ಬಿ ಮೈಕು ಸಾಲದೇ ಎಂದು ಕೇಳುವವರಿದ್ದಾರೆ. ಒಬ್ಬರೇ ಮಾತಾಡುವ, ಪುಸ್ತಕ ಓದುವ, ಪಾಠ ಹೇಳುವ ಕೆಲಸಕ್ಕೆ ಧಾರಾಳವಾಗಿ ಸಾಕು. ನೇರ ಕಂಪ್ಯೂಟರಿಗೆ ಚುಚ್ಚಿದರೆ ಮುಗಿಯಿತು. ಆದರೆ ಎರಡನೆಯ ದನಿ ಬೇಕಾದ ದಿನ ಕೈ ಕಟ್ಟಿಹೋಗುತ್ತದೆ. ಪ್ರತಿ ಯುಎಸ್‌ಬಿ ಮೈಕಿನೊಳಗೂ ಅದರದೇ ಗಡಿಯಾರವಿರುತ್ತದೆ. ಎರಡನ್ನು ಒಂದೇ ಕಂಪ್ಯೂಟರಿಗೆ ಸೇರಿಸಿದರೆ ಒಂದರ ತಾಳ ಇನ್ನೊಂದಕ್ಕೆ ಕೂಡದೆ ಕಾಟ ಕೊಡುತ್ತವೆ. ಸ್ಯಾಮ್‌ಸನ್ ಕ್ಯೂ2ಯು ಥರದ ಮೈಕಿಗೆ ಯುಎಸ್‌ಬಿಯೂ ಇದೆ, ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ತುದಿಯೂ ಇದೆ. ಇವತ್ತು ಯುಎಸ್‌ಬಿಯಲ್ಲಿ ಶುರುಮಾಡಿ, ನಾಳೆ ಡಬ್ಬಿ ಕೊಂಡಾಗ ಅದೇ ಮೈಕನ್ನು ಅದಕ್ಕೆ ಸೇರಿಸಬಹುದು. ಮೇಷ್ಟ್ರುಗಳಿಗೆ, ಪಾಡ್‌ಕಾಸ್ಟ್ ಮಾಡುವವರಿಗೆ ನಾನು ಹೇಳುವುದು ಇದನ್ನೇ.

ಡಬ್ಬಿ ಅಂದೆನಲ್ಲ, ಅದು ಆಡಿಯೊ ಇಂಟರ್‌ಫೇಸ್. ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸಿ, ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೆ ಕೊಡುವುದು ಅದರ ಕೆಲಸ. ಹೆಡ್‌ಫೋನಿಗೆ ದನಿ ಕೊಡುವುದೂ ಅದೇ, 48 ವೋಲ್ಟ್ ಕೊಡುವುದೂ ಅದೇ. ಹಣ ಹಾಕುವುದಾದರೆ ಇಲ್ಲಿ ಸ್ವಲ್ಪ ಬಿಚ್ಚುಗೈ ಇರಲಿ, ಏಕೆಂದರೆ ಮೈಕು ಬದಲಾದರೂ ಡಬ್ಬಿ ಏಳೆಂಟು ವರ್ಷ ಜೊತೆಗಿರುತ್ತದೆ. ಅಗ್ಗದ ಬೆಹ್ರಿಂಗರ್ ಯುಎಂ2 16 ಬಿಟ್‌ನಲ್ಲಿ ಮುದ್ರಿಸುತ್ತದೆ. ಅದೇ ಕಂಪನಿಯ ಯುಎಂಸಿ202ಎಚ್‌ಡಿಯಲ್ಲಿ 24 ಬಿಟ್, ಎರಡು ಮೈಕಿಗೆ ಜಾಗ. ಫೋಕಸ್‌ರೈಟ್‌ನ ಸ್ಕಾರ್ಲೆಟ್ ಸೋಲೊ ಕೂಡ 24 ಬಿಟ್‌ನದೇ, ದನಿಯೂ ನಿರ್ಮಲ. ಆದರೆ ಮೈಕಿಗೆ ಒಂದೇ ಬಾಯಿ. ಎರಡು ಬೇಕೆಂದರೆ ಅವರ 2ಐ2 ಕೊಳ್ಳಬೇಕು, ಇಪ್ಪತ್ತು ಸಾವಿರದ ಲೆಕ್ಕಕ್ಕೆ ಅದು ಭಾರ.

16ಕ್ಕೂ 24ಕ್ಕೂ ಏನು ಅಂತರ? 16 ಬಿಟ್‌ನಲ್ಲಿ ಅತಿ ಸಣ್ಣ ದನಿಗೂ ಅತಿ ದೊಡ್ಡ ದನಿಗೂ ನಡುವೆ ಹಿಡಿಸುವ ಹರವು ಲೆಕ್ಕದ ಪ್ರಕಾರ 96 ಡೆಸಿಬಲ್, 24ರಲ್ಲಿ 144. ಕೇಳುವವರಿಗೆ 16 ಸಾಕು, ಸಿ.ಡಿ. ಇದ್ದದ್ದೇ 16ರಲ್ಲಿ. ಮುದ್ರಿಸುವವರಿಗೆ 24 ಬೇಕು. ಆಗ ದನಿಯ ಮಟ್ಟವನ್ನು ನೆತ್ತಿಗೆ ತಾಗಿಸದೆ, ದೊಡ್ಡ ಸ್ವರ ಬಂದಾಗಲೂ ಮೀಟರಿನ ಮುಳ್ಳು ಮೈನಸ್ 12ರ ಹತ್ತಿರ ನಿಲ್ಲುವಂತೆ ಇಟ್ಟುಕೊಳ್ಳಬಹುದು. ಹಾಡುಗಾರರು ತಾರಸ್ಥಾಯಿಗೆ ಹೋದಾಗ ದನಿ ಒಡೆದರೆ ಅದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡದು. ಇನ್ನು ಡಬ್ಬಿಯ ಮೇಲೆ ಹೊಳೆಯುವ 192 ಕಿಲೊಹರ್ಟ್ಸ್ ಎಂಬ ಅಂಕಿ. ಅದಕ್ಕೆ ಮರುಳಾಗಬೇಡಿ. ಎಳೆಯ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್. ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು ಸಲ ಅಳೆದರೆ ದನಿ ಪೂರ್ತಿ ದಕ್ಕುತ್ತದೆ. 44.1 ಅಥವಾ 48 ಕಿಲೊಹರ್ಟ್ಸ್ ಇಟ್ಟುಕೊಳ್ಳಿ. 48ರಲ್ಲಿ, 24 ಬಿಟ್‌ನಲ್ಲಿ ಒಂದು ಮೈಕಿನ ಒಂದು ತಾಸಿನ ಮುದ್ರಣ ಅರ್ಧ ಜಿಬಿ ಆಗುತ್ತದೆ, ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ.

ಕಂಪ್ಯೂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯಲ್ಲಿರುವುದೇ ಸಾಕು. ಹಣ ಮಿಕ್ಕಿದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ವೇಗವೂ ಬರುತ್ತದೆ, ಡಿಸ್ಕಿನ ಗಿರಗಿರ ಸದ್ದೂ ಹೋಗುತ್ತದೆ. ವಿಂಡೋಸ್ ಇದ್ದರೆ ಡಬ್ಬಿಯ ಕಂಪನಿಯವರೇ ಕೊಡುವ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ. ಇಲ್ಲದಿದ್ದರೆ ಹಾಡಿದ ಸ್ವರ ಹೆಡ್‌ಫೋನಿಗೆ ತಡವಾಗಿ ಬಂದು ತಾಳ ತಪ್ಪಿಸುತ್ತದೆ. ಡಬ್ಬಿಯ ಮೇಲೆ 'ಡೈರೆಕ್ಟ್ ಮಾನಿಟರ್' ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ನಿಮ್ಮ ದನಿ ಕಂಪ್ಯೂಟರನ್ನು ಸುತ್ತಿ ಬರದೆ ನೇರ ಕಿವಿಗೆ ಬೀಳುತ್ತದೆ. ಕೊಳ್ಳುವಾಗ ಆ ಗುಂಡಿ ಇದೆಯೇ ನೋಡಿ.

ಸಾಫ್ಟ್‌ವೇರಿಗೆ ಕಾಸು ಬೇಡವೇ ಬೇಡ. ಆಡಾಸಿಟಿ ಪೂರ್ತಿ ಉಚಿತ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ಇನ್ನೂ ಮುಂದೆ ಹೋಗುವವರಿಗೆ ರೀಪರ್ ಇದೆ. 60 ದಿನ ಎಲ್ಲ ಸೌಲಭ್ಯದೊಂದಿಗೆ ಬಳಸಿ ನೋಡಬಹುದು, ಮನೆಬಳಕೆಯ ಪರವಾನಗಿಗೆ 60 ಡಾಲರ್. ಇಷ್ಟೆಲ್ಲ ಇರುವಾಗ ಪೆನ್‌ಡ್ರೈವಿನಲ್ಲಿ ಕದ್ದ ಸಾಫ್ಟ್‌ವೇರ್ ಹಂಚುವ ರೂಢಿ ಯಾಕಿನ್ನೂ ಉಳಿದಿದೆಯೋ ಗೊತ್ತಿಲ್ಲ. ನಮ್ಮ ಹಾಡನ್ನು ಯಾರೋ ಕದ್ದು ಹಾಕಿದರೆ ನಮಗೆ ನೋಯುತ್ತದೆ. ಸಾಫ್ಟ್‌ವೇರ್ ಬರೆದವರ ದುಡಿಮೆಯೂ ಅಂಥದ್ದೇ. ಕದ್ದದ್ದರ ಜೊತೆ ವೈರಸ್ ಬಂದು ವರ್ಷದ ಮುದ್ರಣವೆಲ್ಲ ಹೋದವರನ್ನೂ ಬಲ್ಲೆ.

ಹೆಡ್‌ಫೋನು ಬೇಕೇ ಬೇಕು, ಸ್ಪೀಕರು ಸದ್ಯಕ್ಕೆ ಬೇಡ. ಸ್ಪೀಕರಿನ ದನಿಯಲ್ಲಿ ಮತ್ತೆ ಕೋಣೆಯೇ ಬಂದು ಸೇರಿಕೊಳ್ಳುತ್ತದೆ. ಹತ್ತಡಿಯ ಕೋಣೆಯಲ್ಲಿ ಅದು ಹೇಳುವುದನ್ನು ನಂಬುವಂತಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿ ತೆರೆದಿರದ ಹೆಡ್‌ಫೋನ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಶ್ರುತಿಪೆಟ್ಟಿಗೆಯ ದನಿ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬೀಳುತ್ತದೆ. ಆಡಿಯೊ ಟೆಕ್ನಿಕಾದ ಎಟಿಎಚ್-ಎಂ20ಎಕ್ಸ್ ಐದು ಸಾವಿರದ ಆಸುಪಾಸಿನದು, ಪ್ರಾಮಾಣಿಕವಾದದ್ದು. ಹೆಚ್ಚು ಹಾಕಬಲ್ಲವರಿಗೆ ಸೋನಿ ಎಂಡಿಆರ್-7506 ಇದೆ. 1991ರಿಂದ ಸ್ಟುಡಿಯೊಗಳಲ್ಲಿ ಉಳಿದುಬಂದ ಮಾದರಿ. ಬ್ಲೂಟೂತ್ ಇಯರ್‌ಫೋನನ್ನು ಮುದ್ರಣಕ್ಕೆ ಹಾಕಿಕೊಳ್ಳಬೇಡಿ. ನೂರಿನ್ನೂರು ಮಿಲಿಸೆಕೆಂಡು ತಡವಾಗಿ ಕೇಳುವ ದನಿಗೆ ತಾಳ ಹಿಡಿದು ಹಾಡಲು ಯಾರಿಂದಲೂ ಆಗದು.

ಕರೆಂಟಿನ ಮಾತು ಒಂದಿದೆ, ಇದು ಪ್ರಾಣದ ಮಾತು. ಹೆಡ್‌ಫೋನಿನಲ್ಲಿ ಒಂದೇ ಸಮನೆ 'ಹೂಂ' ಎಂಬ ಸದ್ದು ಬಂದರೆ ಅದು ನಮ್ಮ 50 ಹರ್ಟ್ಸ್ ಕರೆಂಟಿನದು. ಮೊದಲು ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಬಹುತೇಕ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಕೆಲವು ಮೆಕ್ಯಾನಿಕ್‌ಗಳು ಮೂರು ಕಡ್ಡಿಯ ಪ್ಲಗ್ಗಿನ ಅರ್ಥಿಂಗ್ ಕಡ್ಡಿಯನ್ನು ಮುರಿದು "ಈಗ ಸದ್ದು ಹೋಯಿತು" ಎನ್ನುತ್ತಾರೆ. ಹೋದದ್ದು ಸದ್ದಷ್ಟೇ ಅಲ್ಲ, ನಿಮ್ಮ ರಕ್ಷಣೆಯೂ ಹೋಯಿತು. ತುಟಿಗೆ ತಾಗುವ ಮೈಕು ಲೋಹದ್ದು. ಆ ಕೆಲಸವನ್ನು ಯಾರಿಗೂ ಮಾಡಗೊಡಬೇಡಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಹೀಗೆ ಅವಳ ಪಟ್ಟಿಯನ್ನು ತಿದ್ದಿ ಬರೆದೆವು. ಬಣ್ಣದ ದೀಪ, ಫೋಮು, ಸ್ಪೀಕರು ಹೋದವು. ಎರಡು ಬಾಯಿಯ 24 ಬಿಟ್ ಡಬ್ಬಿ, ಅಗ್ಗದ ಒಂದು ಡೈನಮಿಕ್ ಮೈಕು, ಕಿವಿ ಮುಚ್ಚುವ ಹೆಡ್‌ಫೋನು ಉಳಿದವು. ನೆಲದ ಮೇಲೆ ಗಟ್ಟಿಯಾಗಿ ನಿಲ್ಲುವ ಸ್ಟ್ಯಾಂಡು ಸೇರಿತು. ಮೇಜಿನದು ಬೇಡ, ಕೈ ತಾಗಿದರೆ ದನಿಯಲ್ಲಿ ಗುದ್ದು ಕೇಳುತ್ತದೆ. ಐದು ಮೀಟರಿನ ಒಳ್ಳೆಯ ಎಕ್ಸ್‌ಎಲ್‌ಆರ್ ಕೇಬಲ್ಲನ್ನೂ ಬರೆದೆವು. ಆ ಉದ್ದ ಬೇಕೇ ಬೇಕು, ಲ್ಯಾಪ್‌ಟಾಪನ್ನು ಕೋಣೆಯ ಬಾಗಿಲಾಚೆ ಇಟ್ಟರೆ ಅದರ ಫ್ಯಾನಿನ ಸದ್ದು ಬರುವುದಿಲ್ಲ. ಎಲ್ಲ ಸೇರಿ ಹದಿನೆಂಟು ಸಾವಿರದ ಸುತ್ತಮುತ್ತ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಇದ್ದರೆ ಕೇಬಲ್, ಸ್ಟ್ಯಾಂಡು ಅಲ್ಲಿ ತರಿಸಿಕೊಳ್ಳಬಹುದು. ಡಬ್ಬಿಯನ್ನು ಮಾತ್ರ ಬಿಲ್ಲು, ವಾರಂಟಿ ಇಲ್ಲದೆ ಎಲ್ಲೂ ಕೊಳ್ಳಬಾರದು.

ಅಜ್ಜಿಯ ಸಣ್ಣ ದನಿಗೆ ಕಂಡೆನ್ಸರೇ ಬೇಕಲ್ಲವೇ ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆಡಿಯೊ ಟೆಕ್ನಿಕಾ ಎಟಿ2020 ಎಂಬ ಕಂಡೆನ್ಸರಿನ ಸ್ವಂತ ಗೊರಗೊರ 20 ಡೆಸಿಬಲ್, ಅದಕ್ಕಿಂತ ಹೆಚ್ಚು ಬೆಲೆಯ ರೋಡ್ ಎನ್‌ಟಿ1ರದು ಸುಮಾರು 4. ಕಾಗದದ ಮೇಲೆ ಭಾರಿ ಅಂತರ. ಆದರೆ ಊರು ಮಲಗಿದ ಮೇಲೂ ನಮ್ಮ ಮನೆಗಳ ಕೋಣೆಯಲ್ಲಿ 30 ಡೆಸಿಬಲ್ ಗದ್ದಲ ಉಳಿದೇ ಇರುತ್ತದೆ. ಆ ಗದ್ದಲದಡಿ 4 ಕೂಡ ಮುಚ್ಚಿಹೋಗುತ್ತದೆ, 20 ಕೂಡ. ಮುಂದೊಂದು ದಿನ ಎಟಿ2020 ಕೊಂಡರೆ ತಪ್ಪಿಲ್ಲ, ಡಬ್ಬಿಯ ಎರಡನೆಯ ಬಾಯಿ ಅದಕ್ಕಾಗಿ ಕಾದಿರುತ್ತದೆ. ಈಗ ಅರ್ಧ ಗೇಣಿನ ಅಳತೆ ಸಾಕು.

ಸಾಮಾನೆಲ್ಲ ಮೊನ್ನೆ ಬುಧವಾರ ಬಂತು. ರಾತ್ರಿ ಕೌದಿ ಕಟ್ಟಿ ಅಜ್ಜಿಯನ್ನು ಕೂರಿಸಿದೆವು. ಮೈಕು ಎದುರಿಟ್ಟರೆ ಪದವೇ ಬರಲೊಲ್ಲದು. ಎರಡು ಸಾಲು ಹೇಳುತ್ತಾರೆ, ಮರೆಯುತ್ತಾರೆ, "ಬ್ಯಾಡ ಬಿಡವ್ವಾ" ಎನ್ನುತ್ತಾರೆ. ಕೊನೆಗೆ ಅವರೇ ಹೇಳಿದರು, "ಬೀಸೋ ಕಲ್ಲು ತಂದು ಇಡು." ಹಿತ್ತಲಿನಿಂದ ಕಲ್ಲು ತಂದು, ಕೆಳಗೆ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಒಂದು ಹಿಡಿ ಜೋಳ ಹಾಕಿಕೊಟ್ಟೆವು. ಗೂಟ ಹಿಡಿದ ಕೈ ಸುತ್ತತೊಡಗಿದ್ದೇ ತಡ, ಪದ ತಾನಾಗಿ ಬಂತು. ಒಂದಾದ ಮೇಲೊಂದು, ಮುಕ್ಕಾಲು ತಾಸು. ಬಾಗಿದಾಗ ದನಿ ಹತ್ತಿರ, ಹಿಂದೆ ಸರಿದಾಗ ದೂರ. ಸ್ಟ್ಯಾಂಡನ್ನು ಓರೆ ಮಾಡಿ ಮೈಕನ್ನು ಅವರ ಎದೆಯ ಮಟ್ಟದಲ್ಲಿ, ಬಾಗುವ ದಾರಿಯ ಪಕ್ಕಕ್ಕೆ ಇಟ್ಟ ಮೇಲೆ ಹದವಾಯಿತು. ಕಲ್ಲಿನ ಸದ್ದು ಮುದ್ರಣದಲ್ಲಿ ಉಳಿದಿದೆ. ಸಾಫ್ಟ್‌ವೇರಿನಲ್ಲಿ ಅದನ್ನು ತೆಗೆಯಲೇ ಎಂದು ಹುಡುಗಿ ಕೇಳಿದಳು. ಬೇಡ ಎಂದೆ. ಆ ಪದದ ತಾಳ ಆ ಕಲ್ಲು.

ನಿಮ್ಮ ಮನೆಯಲ್ಲೂ ಇಂಥ ಅಜ್ಜಿ, ಸಣ್ಣಾಟದ ಮಾತು ಬಲ್ಲ ಅಜ್ಜ, ಹಂತಿಪದ ಹೇಳುವ ದೊಡ್ಡಪ್ಪ ಇರಬಹುದು. ಸಾಮಾನು ಬರಲೆಂದು ಕಾಯಬೇಡಿ, ಈ ವಾರವೇ ಕೌದಿ ಕಟ್ಟಿ ಮೊಬೈಲಿನಲ್ಲೇ ಶುರುಮಾಡಿ. ಡಬ್ಬಿ ಬಂದ ಮೇಲೆ ಮತ್ತೊಮ್ಮೆ ಮುದ್ರಿಸಿ. ಮೂಲ ವೇವ್ ಫೈಲನ್ನು ಏನೂ ತಿದ್ದದೆ ಎರಡು ಬೇರೆ ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಇಡಿ. ಇನ್ನೊಂದು ಮಾತು. ಗೌಹರ್ ಜಾನ್ ಹಾಡು ಮುಗಿಸುವಾಗ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಮುದ್ರಣ ಜರ್ಮನಿಗೆ ಹೋಗಿ ತಟ್ಟೆಯಾಗುವಾಗ ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಲೆಂದು. ಆದ್ದರಿಂದಲೇ ನೂರಿಪ್ಪತ್ತು ವರ್ಷದ ಮೇಲೂ ಆ ದನಿ ಯಾರದೆಂದು ಯಾರೂ ಕೇಳಬೇಕಾಗಿಲ್ಲ. ನಿಮ್ಮ ಮನೆಯ ಹಿರಿಯರಿಂದಲೂ ಪದ ಮುಗಿದ ಮೇಲೆ ಅವರ ಹೆಸರು, ಹುಟ್ಟಿದೂರು, ಅಂದಿನ ತಾರೀಕು, ಆ ಪದವನ್ನು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ ಮುದ್ರಿಸಿಕೊಳ್ಳಿ.